ಅವರು ಹೊಡೆದ ಮೊಳೆಗಳು

ಮನೆಯಲ್ಲಿ ಏನೇ ಮುರಿದರೂ ನನ್ನ ಗಂಡನಿಗೆ ಗೊತ್ತಿದ್ದದ್ದು ಒಂದೇ ಔಷಧ: ಮೊಳೆ. ಕುರ್ಚಿಯ ಕಾಲು ಅಲುಗಾಡಿದರೆ ಮೊಳೆ, ಬೆನ್ನಿನ ಪಟ್ಟಿ ಬಿಟ್ಟುಕೊಂಡರೆ ಮೊಳೆ, ಹೊಡೆದ ಮೊಳೆಯೇ ಸಡಿಲವಾದರೆ ಅದರ ಪಕ್ಕಕ್ಕೆ ಅದಕ್ಕಿಂತ ಉದ್ದದ ಇನ್ನೊಂದು ಮೊಳೆ. ಭಾನುವಾರ ತಿಂಡಿಯಾದ ಮೇಲೆ ಸುತ್ತಿಗೆಯ ಸದ್ದು ಕೇಳಿಸಿತೆಂದರೆ ಯಾವುದೋ ಒಳ್ಳೆಯ ಮರಕ್ಕೆ ಗ್ರಹಚಾರ ಬಂತು ಎಂದು ಅಡುಗೆಮನೆಯಲ್ಲೇ ಅಂದುಕೊಳ್ಳುತ್ತಿದ್ದೆ. ನಮ್ಮ ಸಂಸಾರದುದ್ದಕ್ಕೂ ಹೀಗೇ ನಡೆಯಿತು. ಅವರು ತೀರಿಕೊಂಡ ಮೇಲೆ ಆ ಮೊಳೆಗಳನ್ನು ಒಂದೊಂದಾಗಿ ಕೀಳುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಕುರ್ಚಿ ಸರಿಮಾಡಬೇಕೆಂದಿರುವವರಿಗೆ ಅಲ್ಲಲ್ಲಿ ಉಪಯೋಗಕ್ಕೂ ಬಂದೀತು.

ಕುರ್ಚಿಗಳು ಆರು. ಎರಡು ನನ್ನ ತವರಿನಿಂದ ಬಂದ ಹಲಸಿನ ಮರದವು. ಉಳಿದ ನಾಲ್ಕು ತೇಗದವು, ಬೆತ್ತದ ಆಸನದವು. ಅವರು ಕೆಲಸ ಮಾಡುತ್ತಿದ್ದ ಸರ್ಕಾರಿ ಕಚೇರಿಗೆ ಕಬ್ಬಿಣದ ಕುರ್ಚಿಗಳು ಬಂದಾಗ ಹಳೆಯ ಪೀಠೋಪಕರಣಗಳನ್ನು ಹರಾಜು ಹಾಕಿದ್ದರು. ಇವರು ನಾಲ್ಕನ್ನು ಕೊಂಡು ತಳ್ಳುಗಾಡಿಯಲ್ಲಿ ಹೇರಿಸಿಕೊಂಡು ಮನೆಗೆ ತಂದರು. ಆಸನದ ಅಡಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದ ಕಚೇರಿಯ ದಾಸ್ತಾನು ಸಂಖ್ಯೆ ಇವತ್ತಿಗೂ ಇದೆ.

ಅವರು ಹೋದದ್ದು ಜೂನ್ ತಿಂಗಳಲ್ಲಿ. ಶಿವಮೊಗ್ಗದಲ್ಲಿ ಮುಂಗಾರು ಹಿಡಿದ ಹೊತ್ತು. ಅವರನ್ನು ಮಲಗಿಸಲು ನಡುಮನೆಯಲ್ಲಿ ಜಾಗ ಬೇಕಿತ್ತು. ಯಾರೋ ಕುರ್ಚಿಗಳನ್ನು ಎತ್ತಿ ತಾರಸಿಗೆ ಸಾಗಿಸಿದರು, ಬಂದವರಿಗೆ ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ವೈಕುಂಠ ಸಮಾರಾಧನೆ ಮುಗಿಯಿತು, ಪ್ಲಾಸ್ಟಿಕ್ ಕುರ್ಚಿಗಳು ವಾಪಸು ಹೋದವು, ನೆಂಟರೂ ಹೋದರು. ಮೇಲಿದ್ದವನ್ನು ಕೆಳಗಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಷಾಢ, ಶ್ರಾವಣ, ಭಾದ್ರಪದ ಮೂರೂ ತಿಂಗಳ ಮಳೆ ಅವುಗಳ ಮೇಲೆ ಸುರಿಯಿತು. ನವರಾತ್ರಿ ಕಳೆದ ಮೇಲೆ ಹಪ್ಪಳ ಒಣಗಿಸಲು ಜಾಗ ನೋಡಲೆಂದು ಹತ್ತಿದಾಗ ಕಂಡೆ. ಪಾಲಿಶ್ ಬೆಳ್ಳಗಾಗಿತ್ತು, ಬೆತ್ತ ಕಪ್ಪಾಗಿ ಜೋತುಬಿದ್ದಿತ್ತು, ಒಂದರ ಮೇಲೆ ಹಸಿರು ಪಾಚಿ ಬೆಳೆದಿತ್ತು. ಪ್ರತಿಯೊಂದು ಮೊಳೆಯ ಸುತ್ತಲೂ ಮರ ಮಸಿಯಂತೆ ಕಪ್ಪಾಗಿತ್ತು.

ಮಗ ಫೋನಿನಲ್ಲಿ, “ಗುಜರಿಯವನಿಗೆ ಕೊಟ್ಟುಬಿಡಮ್ಮ, ನಾನು ಹೊಸದು ಕಳಿಸುತ್ತೇನೆ” ಎಂದ. ನಾದಿನಿ, “ಅವನು ಕೂತಿದ್ದ ಕುರ್ಚಿ ಕಣ್ಣೆದುರಿಗೆ ಇರಬಾರದು, ಸಂಕಟವಾಗುತ್ತದೆ” ಎಂದಳು. ಆಗ ನನಗೆ ಎಲ್ಲರೂ ಏನಾದರೊಂದು ಹೇಳುತ್ತಿದ್ದರು. ಗಂಡ ಹೋದ ಹೆಂಗಸಿಗೆ ಸಲಹೆ ಕೊಡಲು ಊರಿನಲ್ಲಿ ಯಾರಿಗೂ ಅರ್ಹತೆ ಬೇಕಾಗುವುದಿಲ್ಲ. ಬ್ಯಾಂಕು, ಖಜಾನೆ, ಮರಣ ಪ್ರಮಾಣಪತ್ರದ ಪ್ರತಿಗಳು, ಕುಟುಂಬ ಪಿಂಚಣಿಯ ಅರ್ಜಿ, ಗ್ಯಾಸ್ ಸಂಪರ್ಕದ ಹೆಸರು ಬದಲಾವಣೆ ಎಂದು ಓಡಾಡಿದ್ದೇ ಬಂತು. ಅದರ ವಿವರ ಬೇಡ, ಅನುಭವಿಸಿದವರಿಗೆ ಗೊತ್ತು. ಆದರೆ ಕಾಗದದ ಕೆಲಸಕ್ಕೆ ಒಂದು ಗುಣವಿತ್ತು, ಅದು ಹಗಲನ್ನು ತುಂಬುತ್ತಿತ್ತು. ಸಂಜೆಯನ್ನು ತುಂಬುವಂಥದ್ದು ಏನೂ ಇರಲಿಲ್ಲ. ನಾಲ್ಕೂವರೆಗೆ ಎರಡು ಲೋಟಕ್ಕೆ ಆಗುವಷ್ಟು ಕಾಫಿ ಬೆರೆಸುವ ಕೈ, ದೀಪ ಹಚ್ಚುವ ತನಕ ಇನ್ನೇನು ಮಾಡಬೇಕು?

ಅವತ್ತೇ ಒಂದು ಕುರ್ಚಿಯನ್ನು ಕೆಳಗಿಳಿಸಿಕೊಂಡೆ. ದುಃಖ ಮರೆಯಬೇಕೆಂದಲ್ಲ. ಒಳ್ಳೆಯ ತೇಗವನ್ನು ಗುಜರಿಯವನಿಗೆ ತೂಕಕ್ಕೆ ಹಾಕಲು ಮನಸ್ಸು ಒಪ್ಪಲಿಲ್ಲ, ಅಷ್ಟೇ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಹಿರಿಯ ಆಚಾರರಿದ್ದಾರೆ. ಕಣ್ಣು ಮಂಜಾಗಿ ಕೆಲಸ ಬಿಟ್ಟು ವರ್ಷಗಳಾದವು. ಅವರನ್ನು ಕರೆಸಿ ತೋರಿಸಿದೆ. ಕುರ್ಚಿಯ ಎರಡು ತೋಳು ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಿದರು. ಬೆರಳಿನಿಂದ ಸಂದುಗಳನ್ನು ಸವರಿದರು. ಕೊನೆಗೆ, “ಮರಕ್ಕೆ ಏನೂ ಆಗಿಲ್ಲ ತಾಯೀ. ಇಷ್ಟು ಮೊಳೆ ಹೊಡೆದವರು ಯಾರು?” ಎಂದು ಕೇಳಿದರು. ನಾನು ಗೋಡೆಯ ಮೇಲಿನ ಹಾರ ಹಾಕಿದ ಫೋಟೊ ತೋರಿಸಿದೆ. ಅವರಿಗೆ ಅದು ಕಾಣಿಸಿತೋ ಇಲ್ಲವೋ, ಸುಮ್ಮನಾದರು.

ಅವರು ಹೇಳಿದ ಮೊದಲ ಮಾತು: ಬಿಸಿಲಿಗೆ ಇಡಬೇಡಿ. ನೆನೆದ ಮರವನ್ನು ಬಿಸಿಲಿನಲ್ಲಿ ಒಣಗಿಸಿದರೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ನೀರಿರುತ್ತದೆ, ಆಗ ಸೀಳುತ್ತದೆ. ಆರೂ ಕುರ್ಚಿಗಳನ್ನು ಹಿಂದಿನ ಜಗಲಿಯಲ್ಲಿ, ಗಾಳಿಯಾಡುವ ನೆರಳಿನಲ್ಲಿ, ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲಿಟ್ಟೆ. ದೀಪಾವಳಿ ಕಳೆದು ಚಳಿ ಬೀಳುವ ತನಕ ಮುಟ್ಟಲಿಲ್ಲ.

ಎರಡನೆಯದು, ಪೂರ್ತಿ ಬಿಚ್ಚಬೇಕು. ಅಲುಗಾಡುವ ಒಂದು ಕಾಲನ್ನು ಮಾತ್ರ ಅಂಟಿಸಿದರೆ ಭಾರ ಪಕ್ಕದ ಸಂದಿಗೆ ಬಿದ್ದು ಮುಂದಿನ ವರ್ಷ ಅದು ಬಿಡುತ್ತದೆ. ಬಿಚ್ಚುವ ಮೊದಲು ಪ್ರತಿ ತುಂಡಿಗೂ ಗುರುತು ಹಾಕಬೇಕು. ಕೈಯಿಂದ ಮಾಡಿದ ಕುರ್ಚಿಯಲ್ಲಿ ಪ್ರತಿಯೊಂದು ತೂತನ್ನೂ ಅದರೊಳಗೆ ಕೂರುವ ನಾಲಿಗೆಯನ್ನೂ ಒಂದಕ್ಕೊಂದು ಹೊಂದಿಸಿ ಕೊರೆದಿರುತ್ತಾರೆ. ನೋಡಲು ಒಂದೇ ತೆರನಾಗಿದ್ದರೂ ಬಲಗಾಲಿನ ಅಡ್ಡಪಟ್ಟಿ ಎಡಗಾಲಿಗೆ ಕೂರುವುದಿಲ್ಲ. ನಾನು ಪೆನ್ಸಿಲಿನಿಂದ ‘ಮುಂ-ಎ’, ‘ಹಿಂ-ಬ’ ಎಂದು ಬರೆದು ಮೇಲೆ ಕಾಗದದ ಟೇಪು ಸುತ್ತಿದೆ. ಹಳೆಯ ಅಂಟು ಮರವಜ್ರ, ಪ್ರಾಣಿಗಳ ಚರ್ಮ ಮತ್ತು ಎಲುಬು ಬೇಯಿಸಿ ಮಾಡುತ್ತಿದ್ದದ್ದು. ಬಿಸಿನೀರಿಗೆ ಮೆತ್ತಗಾಗುವುದೇ ಅದರ ದೊಡ್ಡ ಗುಣ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸಂದಿಗೆ ಸುತ್ತಿ, ಸ್ವಲ್ಪ ಹೊತ್ತು ಬಿಟ್ಟು, ಕೊಡತಿಗೆ ಚಿಂದಿ ಕಟ್ಟಿ ಮೆಲ್ಲಗೆ ತಟ್ಟಿದರೆ ಕಳಚಿಕೊಳ್ಳುತ್ತದೆ. ಮಾಡಿದವನು ಮುಂದೊಮ್ಮೆ ಯಾರಾದರೂ ಬಿಚ್ಚಲಿ ಎಂದೇ ಬಿಟ್ಟ ದಾರಿ ಅದು. ನಮ್ಮ ಮನೆಯಲ್ಲಿ ಆ ದಾರಿಯನ್ನು ಮೊಳೆ ಹೊಡೆದು ಮುಚ್ಚಲಾಗಿತ್ತು.

ಮೊಳೆ ಯಾಕೆ ಕೂಡದು ಎಂದು ಆಚಾರರು ವಿವರಿಸಿದರು. ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಕಬ್ಬಿಣ ಅದರ ಜೊತೆಗೆ ಹಾಗೆ ಆಡುವುದಿಲ್ಲ. ವರ್ಷ ವರ್ಷವೂ ಮರ ಮೊಳೆಗೆ ತಿಕ್ಕಿ ತಿಕ್ಕಿ ತೂತು ದೊಡ್ಡದಾಗುತ್ತದೆ. ತೇವ ತಾಗಿದ ಕಬ್ಬಿಣ ಮರದ ಒಗರಿನ ಜೊತೆ ಸೇರಿ ಸುತ್ತಲೂ ಕಪ್ಪು ಮಾಡುತ್ತದೆ. ಗಟ್ಟಿ ಹಿಡಿತ ಬೇಕಿದ್ದರೆ ಬಿದಿರಿನ ಮೊಳೆ ಹೊಡೆಯಬೇಕು, ಅದು ಮರದ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ.

ಕೀಳುವುದು ಹೇಳಿದಷ್ಟು ಸುಲಭವಲ್ಲ. ತಲೆ ಮೇಲಿದ್ದರೆ ಇಕ್ಕಳದ ಅಡಿಗೆ ತೆಳು ಹಲಗೆ ಚೂರು ಇಟ್ಟು ಮೀಟಬಹುದು. ಇವರು ಮಾತ್ರ ತಲೆಯೂ ಒಳಗೆ ಹೋಗುವ ತನಕ ಹೊಡೆದು, ಮೇಲೆ ಮೇಣ ಮೆತ್ತಿ, “ನೋಡು, ಗೊತ್ತೇ ಆಗುವುದಿಲ್ಲ” ಎಂದು ನನ್ನನ್ನು ಕರೆದು ತೋರಿಸುತ್ತಿದ್ದವರು. ಅಂಥಲ್ಲಿ ಸಣ್ಣ ಉಳಿಯಿಂದ ಸುತ್ತಲೂ ಮರ ಬಿಡಿಸಬೇಕು. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಸಾಲ್ಡರಿಂಗ್ ಕಡ್ಡಿಯನ್ನು ತಲೆಗೆ ಒತ್ತಿ ಚೆನ್ನಾಗಿ ಕಾಯಿಸಿ, ತಣ್ಣಗಾದ ಮೇಲೆ ಎಳೆದರೆ ಬರುತ್ತದೆ. ಆ ಕಡ್ಡಿಯೂ ಅವರದೇ, ರೇಡಿಯೊ ಬಿಚ್ಚಿ ಹಾಳುಮಾಡಲು ತಂದದ್ದು.

ಒಂದು ಸಂಜೆ ಹಲಸಿನ ಕುರ್ಚಿಯ ಹಿಂಗಾಲಿನಲ್ಲಿ ನಾಲ್ಕು ಇಂಚಿನ ಮೊಳೆ ಸಿಕ್ಕಿತು. ಬಾಗಿಲ ಚೌಕಟ್ಟಿಗೆ ಹೊಡೆಯುವಂಥದ್ದು. ಕಾಲಿನ ಒಳಗಿದ್ದ ನಾಲಿಗೆಯನ್ನು ಎರಡಾಗಿ ಸೀಳಿಕೊಂಡು ನಿಂತಿತ್ತು. “ಇದೇನ್ರೀ ಇದು? ನಮ್ಮಪ್ಪ ಕೊಟ್ಟ ಕುರ್ಚಿ ಇದು, ನಿಮ್ಮ ಕಚೇರಿಯದಲ್ಲ!” ಎಂದು ಜೋರಾಗಿಯೇ ಬೈದೆ. ಆಮೇಲೆ ಇನ್ನೂ ಬೈದೆ. ಮೊಳೆಯಿಂದ ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು, ಸಕ್ಕರೆ ಕಾಯಿಲೆ ಇಟ್ಟುಕೊಂಡು ಕದ್ದು ತಿಂದ ಮೈಸೂರುಪಾಕಿನ ತನಕ. ಕಾಂಪೌಂಡಿನ ಆಚೆಗಿನವರು ಕೇಳಿಸಿಕೊಂಡಿರಬೇಕು. ರಾತ್ರಿ ಬೆಂಗಳೂರಿನಿಂದ ಮಗಳು ಫೋನು ಮಾಡಿ, “ಅಮ್ಮಾ, ನಾನು ಬಂದು ನಾಲ್ಕು ದಿನ ಇರಲಾ?” ಎಂದು ಬಹಳ ಮೆತ್ತಗಿನ ದನಿಯಲ್ಲಿ ಕೇಳಿದಳು. ಬಂದರೆ ಒಂದು ಒಳ್ಳೆಯ ಕ್ಲಾಂಪ್ ತಾ ಎಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾವಿನ ಮನೆಗೆ ಬಂದವರೆಲ್ಲ ಅವರನ್ನು ಹೊಗಳಿದರು. ದೇವರಂಥ ಮನುಷ್ಯ, ಒಬ್ಬರ ಮನಸ್ಸು ನೋಯಿಸಿದವರಲ್ಲ, ಸಿಟ್ಟು ಎಂದರೆ ಏನೆಂದು ಗೊತ್ತಿಲ್ಲದವರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದೇ. ಆದರೆ ತಿಂಗಳುಗಟ್ಟಲೆ ಅದನ್ನು ಕೇಳಿ ಕೇಳಿ, ಅವರು ಹೇಳುತ್ತಿರುವುದು ಯಾರ ವಿಷಯ ಎಂದು ನನಗೆ ತಿಳಿಯದಾಯಿತು. ನಾನು ಬಾಳಿದ್ದು ಆ ದೇವರ ಜೊತೆಯಲ್ಲ. ಹಟಮಾರಿ, ಅರೆಬರೆ ಕೆಲಸಗಾರ, ಬಡಗಿಗೆ ಹಣ ಕೊಡಲು ಜೀವ ಹೋಗುವವರು, ಮೊಳೆ ಹೊಡೆದು ಮುಗಿಸಿ ಮಗುವಿನ ಹಾಗೆ ಬೀಗುವವರು, ಅವರು ನನ್ನ ಗಂಡ. ಹಾರ ಹಾಕಿದ ಫೋಟೊದ ಎದುರು ಅವರು ಸಿಗುತ್ತಿರಲಿಲ್ಲ. ಕುರ್ಚಿ ಬಿಚ್ಚಿದಲ್ಲೆಲ್ಲ ಸಿಗುತ್ತಿದ್ದರು, ಅದೂ ಜಗಳಕ್ಕೆ ಸಿಗುತ್ತಿದ್ದರು. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ಬೈಯದೆ ಇದ್ದ ಅಷ್ಟೂ ತಿಂಗಳಲ್ಲಿ ನಾನು ಒಂದು ಹೊತ್ತೂ ಸರಿಯಾಗಿ ಅತ್ತಿರಲಿಲ್ಲ.

ಮೊಳೆ ಕಿತ್ತ ಜಾಗದ ಕಪ್ಪು ಕಲೆಗೆ ಆಕ್ಸಾಲಿಕ್ ಆಮ್ಲ. ಗಾಂಧಿ ಬಜಾರಿನಲ್ಲಿ ಹರಳಿನ ರೂಪದಲ್ಲಿ ಸಿಕ್ಕಿತು. ಬಿಸಿನೀರಿನಲ್ಲಿ ಕರಗಿಸಿ ಹಚ್ಚಿ, ಕಲೆ ತಿಳಿಯಾದ ಮೇಲೆ ಚೆನ್ನಾಗಿ ತೊಳೆಯಬೇಕು. ಅದು ವಿಷ, ಕೈಗವಸು ಬೇಕೇ ಬೇಕು. ಒಣಗಿದ ಮೇಲೆ ಉಜ್ಜುವಾಗ ಅದರ ಪುಡಿ ಮೂಗಿಗೆ ಹೋಗಬಾರದು. ತೂತುಗಳಿಗೆ ಅದೇ ಮರದ ಸಣ್ಣ ಬೆಣೆ ಕೆತ್ತಿ ಅಂಟಿಸಿದೆ. ಸೀಳಿದ ನಾಲಿಗೆಗೆ ಆಚಾರರು ಹೇಳಿಕೊಟ್ಟಂತೆ ಹೊಸ ಮರದ ತುಂಡು ಸೇರಿಸಬೇಕಾಯಿತು. ಅಳತೆ ನನ್ನದು, ಉಳಿ ಹಿಡಿದ ಕೈ ಅವರದು. ಕಣ್ಣು ಹೋದರೂ ಆ ಕೈಗೆ ಒಂದು ಕೂದಲೆಳೆಯ ತಪ್ಪೂ ಗೊತ್ತಾಗುತ್ತದೆ.

ಹಲಸಿನ ಒಂದು ಕುರ್ಚಿಯ ಕೆಳಗೆ ದಿನವೂ ಹಿಟ್ಟಿನಂಥ ನುಣ್ಣನೆಯ ಪುಡಿ ಬೀಳುತ್ತಿತ್ತು. ಮರ ಕೊರೆಯುವ ಹುಳು. ಗೆದ್ದಲಾದರೆ ಮಣ್ಣಿನ ಗೂಡು ಕಾಣುತ್ತದೆ, ಇದಕ್ಕೆ ಗುಂಡುಸೂಜಿಯ ತಲೆಯಷ್ಟು ತೂತು ಮಾತ್ರ. ಹುಳುವಿನ ಔಷಧವನ್ನು ಆ ತೂತುಗಳ ಒಳಗೆ ಬಿಡಬೇಕು, ಮೇಲೆ ಬಳಿದರೆ ಸಾಲದು. ಫ್ರಿಜ್ಜಿನ ಬಾಗಿಲಿನಲ್ಲಿ ಅವರ ಇನ್ಸುಲಿನ್ ಸಿರಿಂಜುಗಳ ಒಂದು ಪೊಟ್ಟಣ ಹಾಗೇ ಉಳಿದಿತ್ತು. ಎಸೆಯಲು ಆಗದೆ, ಇಟ್ಟುಕೊಳ್ಳಲು ಕಾರಣವಿಲ್ಲದೆ ಇದ್ದದ್ದು. ಅಷ್ಟು ಸಣ್ಣ ಸೂಜಿ ಬೇರೆಲ್ಲಿ ಸಿಗುತ್ತದೆ? ದಿನಕ್ಕೆರಡು ಬಾರಿ ಅವರ ಹೊಟ್ಟೆಗೆ ಚುಚ್ಚುತ್ತಿದ್ದ ಕೈ ನನ್ನದು, ಅಭ್ಯಾಸ ಇತ್ತು. ಪ್ರತಿ ತೂತಿಗೂ ಚುಚ್ಚಿ, ಮೇಣದಿಂದ ಮುಚ್ಚಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟೆ. ಸೂಜಿಗಳನ್ನು ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಯಲ್ಲಿ ಕೊಟ್ಟುಬಂದೆ, ಕಸದ ಬುಟ್ಟಿಗೆ ಹಾಕುವಂಥದ್ದಲ್ಲ.

ಅಂಟಿಸುವ ಮೊದಲು ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯಬೇಕು, ಅದರ ಮೇಲೆ ಫೆವಿಕಾಲ್ ಹಿಡಿಯುವುದಿಲ್ಲ. ತೇಗದಲ್ಲಿ ಸಹಜವಾಗಿಯೇ ಎಣ್ಣೆಯಂಶ ಇರುತ್ತದೆ, ಹಾಗಾಗಿ ಸಂದಿಗಳನ್ನು ಸ್ಪಿರಿಟ್ಟಿನಿಂದ ಒರೆಸಿ ಕೂಡಲೇ ಅಂಟು ಹಾಕಬೇಕು. ಬಿಗಿಯಲು ಕ್ಲಾಂಪ್ ಇಲ್ಲದಿದ್ದರೂ ನಡೆಯುತ್ತದೆ. ನಾಲ್ಕು ಕಾಲಿಗೂ ಸುತ್ತಿ ಎರಡೆಳೆ ಹಗ್ಗ ಕಟ್ಟಿ, ನಡುವೆ ಒಂದು ಕೋಲು ತೂರಿಸಿ ತಿರುಚುತ್ತಾ ಹೋದರೆ ಎಷ್ಟು ಬೇಕೋ ಅಷ್ಟು ಬಿಗಿ. ನಂತರ ಸಮ ನೆಲದ ಮೇಲೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆಯಬೇಕು. ಎರಡೂ ಅಳತೆ ಒಂದೇ ಬಂದರೆ ಚೌಕ ಸರಿಯಿದೆ. ಆಮೇಲೆ ಒಂದು ಹಗಲು ಒಂದು ರಾತ್ರಿ ಮುಟ್ಟುವಂತಿಲ್ಲ.

ಈ ಕಾಯುವಿಕೆ ನನಗೆ ಎಷ್ಟು ಬೇಕಾಗಿತ್ತು ಎಂಬುದು ನಿಧಾನವಾಗಿ ತಿಳಿಯಿತು. ಅವರು ಹೋದ ಮೇಲೆ ಬೆಳಿಗ್ಗೆ ಎದ್ದು ಮಾಡಲೇಬೇಕು ಎಂಬ ಕೆಲಸ ಇರಲಿಲ್ಲ. ಒಬ್ಬಳಿಗೆ ಅಡುಗೆ ಹತ್ತಕ್ಕಾದರೂ ಆಯಿತು, ಹನ್ನೆರಡಕ್ಕಾದರೂ ಆಯಿತು. ಈಗ ಬೆಳಗಾದರೆ ಹಗ್ಗ ಬಿಚ್ಚಬೇಕಿತ್ತು. ಒಂದನ್ನು ಬಿಚ್ಚಿದರೆ ಮತ್ತೊಂದನ್ನು ಕಟ್ಟಬೇಕಿತ್ತು. ನಿದ್ದೆ ಬಾರದ ರಾತ್ರಿಗಳಲ್ಲಿ ಹಿಂದಿನ ಜಗಲಿಯ ದೀಪ ಹಾಕಿ, ಹಗ್ಗ ಸಡಿಲವಾಗಿದೆಯೋ ಎಂದು ಒಮ್ಮೆ ಮುಟ್ಟಿ ನೋಡಿ ಬರುತ್ತಿದ್ದೆ. ಬೆನ್ನು ಬಾಗಿಸಿ ದುಡಿದ ದಿನ ನಿದ್ದೆಯೂ ಬರುತ್ತಿತ್ತು, ಅದರಲ್ಲಿ ತತ್ತ್ವವೇನೂ ಇಲ್ಲ.

ಉಜ್ಜುವುದು ಬೇಸರದ ಕೆಲಸ. 80ನೇ ನಂಬರಿನ ಉಪ್ಪುಕಾಗದದಿಂದ ಶುರುಮಾಡಿ 120, 180, 220ಕ್ಕೆ ಬರಬೇಕು, ನಡುವೆ ಹಾರಿಸಬಾರದು, ಮರದ ಎಳೆಯ ಗುಂಟವೇ ಉಜ್ಜಬೇಕು. ಭದ್ರಾವತಿ ಆಕಾಶವಾಣಿ ಹಾಕಿಕೊಂಡು ಕೂರುತ್ತಿದ್ದೆ. ಹಲಸಿನ ಮರದ ಹಳದಿ ಬಣ್ಣ ಎಷ್ಟೋ ವರ್ಷಗಳ ಕಂದಿನ ಅಡಿಯಿಂದ ಎದ್ದು ಬಂದಾಗ ಮಾತ್ರ ಕೈನೋವು ಮರೆಯಿತು.

ಬೆತ್ತದ ಕೆಲಸ ಬೇರೆಯೇ ಲೋಕ. ನಾಲ್ಕು ಕಚೇರಿ ಕುರ್ಚಿಗಳಲ್ಲಿ ಒಂದಕ್ಕೆ ಇವರು ಪ್ಲಾಸ್ಟಿಕ್ ವೈರು ಹೆಣೆಸಿದ್ದರು, ಇನ್ನೊಂದಕ್ಕೆ ಪ್ಲೈವುಡ್ ಹಲಗೆ ಇಟ್ಟು (ಹೇಳಬೇಕೇ?) ಮೊಳೆ ಹೊಡೆದಿದ್ದರು. ಹಿಂದೆ ಕಚೇರಿಗೆ ಬೆತ್ತ ಹೆಣೆಯಲು ಕಣ್ಣು ಕಾಣದ ಒಬ್ಬರು ಬರುತ್ತಿದ್ದರಂತೆ. ಅಂಧರ ಶಾಲೆಗಳಲ್ಲಿ ಆ ವಿದ್ಯೆ ಕಲಿಸುತ್ತಿದ್ದರು. ಅವರು ಕೆಲಸ ಮಾಡುವುದನ್ನು ನೋಡಲೆಂದೇ ಊಟದ ಹೊತ್ತಿನಲ್ಲಿ ಗುಮಾಸ್ತರೆಲ್ಲ ಸುತ್ತ ನಿಲ್ಲುತ್ತಿದ್ದರಂತೆ. ಇದು ನನ್ನ ಗಂಡ ಹೇಳಿದ ಕಥೆ.

ಬೆತ್ತದ ಎಳೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊಳಪಿನ ಮೈ ಮೇಲೆ ಬರುವಂತೆ ಹೆಣೆಯಬೇಕು. ಮೊದಲು ಹಿಂದಿನಿಂದ ಮುಂದಕ್ಕೆ ಒಂದು ಸಾಲು, ಅದರ ಮೇಲೆ ಅಡ್ಡ ಸಾಲು, ಮತ್ತೆ ಹಿಂದಿನಿಂದ ಮುಂದಕ್ಕೆ. ನಾಲ್ಕನೆಯದಾದ ಅಡ್ಡ ಸಾಲಿನಿಂದ ನಿಜವಾದ ನೇಯ್ಗೆ ಶುರು, ಒಂದರ ಮೇಲೆ, ಒಂದರ ಕೆಳಗೆ. ಐದು ಮತ್ತು ಆರನೆಯವು ಮೂಲೆಯಿಂದ ಮೂಲೆಗೆ ಓರೆ ಸಾಲುಗಳು. ಅವು ಬಿದ್ದ ಮೇಲೆ ಎಂಟು ಮೂಲೆಯ ಕಣ್ಣುಗಳು ತೆರೆದುಕೊಳ್ಳುತ್ತವೆ. ಕೊನೆಗೆ ಅಂಚಿನ ತೂತುಗಳನ್ನು ಮುಚ್ಚುವ ಅಗಲದ ಎಳೆ. ಹೆಣೆಯುವಾಗ ಪೂರ್ತಿ ಬಿಗಿ ಮಾಡಬಾರದು, ಒಣಗುತ್ತಾ ತಾನೇ ಬಿಗಿಯುತ್ತದೆ. ಒಂದು ಸಂಜೆ ಓರೆ ಸಾಲು ಹಾಕುವಾಗ ಕರೆಂಟು ಹೋಯಿತು. ಎಳೆ ಒಣಗಿಬಿಡುತ್ತದಲ್ಲ ಎಂದು ಕತ್ತಲಲ್ಲೇ ಮುಂದುವರಿಸಿದೆ. ಕಣ್ಣಿಗಿಂತ ಬೆರಳು ಬೇಗ ದಾರಿ ಹಿಡಿಯಿತು. ಗುಮಾಸ್ತರು ಊಟ ಬಿಟ್ಟು ನಿಂತು ನೋಡುತ್ತಿದ್ದ ಕಥೆಯನ್ನು ಆಗ ನಂಬಿದೆ. ಅಲ್ಲಿಯ ತನಕ ಇವರ ಎಂದಿನ ಬುರುಡೆ ಎಂದುಕೊಂಡಿದ್ದೆ.

ಪಾಲಿಶ್ ಮಾಡಿದ್ದು ಶಿವರಾತ್ರಿಯ ನಂತರ, ಗಾಳಿ ಒಣಗಿದ ಮೇಲೆ. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿ, ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ ಅದ್ದಿ ತಿಕ್ಕುವ ಹಳೆಯ ಪದ್ಧತಿ. ಬಟ್ಟೆ ನೂಲು ಬಿಡಬಾರದು, ಎಷ್ಟೋ ಸಲ ಒಗೆದು ಮೆತ್ತಗಾದ ಹತ್ತಿಬಟ್ಟೆಯೇ ಆಗಬೇಕು. ಅವರ ಪಂಚೆಗಳಷ್ಟು ಒಳ್ಳೆಯದು ಅಂಗಡಿಯಲ್ಲಿ ಸಿಗಲಾರದು. ನಾದಿನಿಗೆ ಇದನ್ನು ಹೇಳಿಲ್ಲ. ತೆಳುವಾಗಿ ಹಲವು ಸಲ ಹಚ್ಚಬೇಕು, ಒಂದೇ ಸಲ ದಪ್ಪಗೆ ಬಳಿದರೆ ಅಂಟಂಟಾಗುತ್ತದೆ. ಅರಗಿನ ಪಾಲಿಶ್ ಮೇಲೆ ಬಿಸಿ ಲೋಟ ಇಟ್ಟರೆ ಬಿಳಿಯ ಉಂಗುರ ಬೀಳುತ್ತದೆ. ಅದು ಬೇಡವೆನ್ನುವವರು ಬೇರೆ ವಾರ್ನಿಷ್ ನೋಡಿಕೊಳ್ಳಲಿ, ನನಗೆ ಆ ಹೊಳಪು ಸೇರುವುದಿಲ್ಲ.

ವರ್ಷಾಂತಿಕಕ್ಕೆ ಮತ್ತೆ ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ ತರಿಸಲೇಬೇಕಾಯಿತು, ಅಷ್ಟು ಜನಕ್ಕೆ ಆರು ಕುರ್ಚಿ ಎಲ್ಲಿ ಸಾಲುತ್ತದೆ? ನನ್ನವನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಗ ನೋಡಿ ನಕ್ಕ. ಹೋಗುವಾಗ ಎರಡನ್ನು ಪುಣೆಗೆ ಒಯ್ಯುತ್ತೇನೆ ಎಂದ. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ.

ಈ ಭಾದ್ರಪದದಲ್ಲಿ ಗೌರಿ ಹಬ್ಬ ಬಂತು. ಬಾಗಿನ ಹಿಡಿದ ಬೀದಿಯ ಹೆಂಗಸರು ನಮ್ಮ ಗೇಟಿನ ಎದುರು ಸ್ವಲ್ಪ ಬಿರುಸಾಗಿ ನಡೆದರು. ಮೂವತ್ತು ವರ್ಷ ಒಂದೇ ಮಣೆಯ ಮೇಲೆ ಕೂತು ಕುಂಕುಮ ತೆಗೆದುಕೊಂಡವರು. ನನಗೆ ನೋವಾಗಲಿಲ್ಲ ಎಂದರೆ ಸುಳ್ಳು. ಅವರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ ಎಂಬ ಸಮಾಧಾನ ಹೇಳಿಕೊಳ್ಳಲು ನಾನು ಸಿದ್ಧಳಿಲ್ಲ. ಓದಿದವರು, ಕೆಲಸದಲ್ಲಿದ್ದವರು, ಒಂದು ನಗು ನಕ್ಕು ಹೋಗಲು ಶಾಸ್ತ್ರದ ಅಪ್ಪಣೆ ಬೇಕಿರಲಿಲ್ಲ.

ಅವರಲ್ಲೇ ಒಬ್ಬಾಕೆ ಮೊನ್ನೆ ಬಂದರು. ಮಾವನವರ ಕಾಲದ ಆರಾಮ ಕುರ್ಚಿಯನ್ನು ಆಟೊದಲ್ಲಿ ಹಾಕಿಸಿಕೊಂಡು ಬಂದಿದ್ದರು. ಉದ್ದ ತೋಳಿನದು, ಬೀಟೆ ಮರ, ಬಟ್ಟೆ ಪೂರ್ತಿ ಹರಿದಿದೆ, ಹಿಂದಿನ ಅಡ್ಡಕೋಲು ಮುರಿದಿದೆ. “ಅಕ್ಕಾ, ನಿಮ್ಮ ಕೈಯಲ್ಲಿ ಆಗುತ್ತದಂತಲ್ಲ” ಎಂದರು. ಒಳಗೆ ಕರೆದು ಕಾಫಿ ಕೊಟ್ಟೆ. ಅಡ್ಡಕೋಲು ಹೊಸದು ಆಗಬೇಕು, ದಪ್ಪ ಕ್ಯಾನ್ವಾಸು ತರಿಸಬೇಕು, ಈ ತೇವದ ಗಾಳಿಯಲ್ಲಿ ಅರಗು ಹಚ್ಚಿದರೆ ಬೆಳ್ಳಗಾಗುತ್ತದೆ, ಪಾಲಿಶ್ ಏನಿದ್ದರೂ ದೀಪಾವಳಿ ಕಳೆದ ಮೇಲೆ ಎಂದೆ. ಆಗಲಿ ಎಂದರು. ಇಷ್ಟು ದಿನ ಬೀದಿಯವರಿಗೆ ಮಾಡಿಕೊಟ್ಟ ಸಣ್ಣಪುಟ್ಟ ಕೆಲಸಕ್ಕೆ ನಾನು ಏನೂ ತೆಗೆದುಕೊಂಡಿರಲಿಲ್ಲ. ಈಕೆಯಿಂದ ಐನೂರು ರೂಪಾಯಿ ಮುಂಗಡ ತೆಗೆದುಕೊಂಡು, ದಿನಾಂಕ ಹಾಕಿ ಚೀಟಿ ಬರೆದುಕೊಟ್ಟೆ.